ಹದ ತಪ್ಪುವದಕ್ಕೆ ಮುಂಚೆ

ನಾವು ಹೊಲದಲ್ಲಿ ದಿನವೂ ಆಡುವ ಮಾತುಗಳಲ್ಲಿ ದೊಡ್ಡ ಉಪದೇಶವುಂಟು. ನೇಗಿಲು, ನೊಗ, ಕುಂಟೆ, ಕೂರಿಗೆ, ಕಣ, ರಾಶಿ ಎಂಬಿವು ಓದು ಬಾರದವನಿಗೂ ತಿಳಿದ ಮಾತುಗಳು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ನಿಘಂಟಿನಲ್ಲಿ ಫೆರ್ಡಿನಂಡ್ ಕಿಟ್ಟೆಲರು ಪಂಡಿತರ ಶಬ್ದಗಳೊಂದಿಗೆ ಒಕ್ಕಲಿಗನ ಮಾತುಗಳನ್ನೂ ಕೂಡಿಸಿಟ್ಟರು. ಅಂಥಾ ಮಾತುಗಳಲ್ಲಿ ನಾಲ್ಕನ್ನು ಈಗ ಆಲೋಚಿಸೋಣ.

ಮೊದಲನೆಯದು ಹದ. ವಿಜಯಪುರ ಸೀಮೆಯ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬಿತ್ತುವರು. ಮಳೆ ನಿಂತ ಕೂಡಲೇ ಹೊಲಕ್ಕೆ ಇಳಿದರೆ ಮಣ್ಣು ಕಾಲಿಗೂ ಕೂರಿಗೆಗೂ ಮೆತ್ತಿಕೊಳ್ಳುವದು. ತಡಮಾಡಿದರೆ ಮೇಲ್ಮಣ್ಣು ಆರಿ ಕಾಳು ಮೊಳೆಯದು. ಇವೆರಡರ ನಡುವಿನ ಕೆಲವು ದಿನಗಳೇ ಹದ. ಆ ಬೆಳೆಯು ಮುಂದೆ ಬರುವ ಮಳೆಯನ್ನು ನಂಬಿದ್ದಲ್ಲ. ಮಣ್ಣಿನೊಳಗೆ ನಿಂತ ತೇವವನ್ನೇ ಕುಡಿದು ತೆನೆಯಾಗತಕ್ಕದ್ದು. ಆದದರಿಂದ ಹದ ತಪ್ಪಿದವನಿಗೆ ಆ ವರುಷವೇ ತಪ್ಪಿದ ಹಾಗೆ.

ಎರಡನೆಯದು ಕೂರಿಗೆ. ಕರ್ತನು ಹೇಳಿದ ಬಿತ್ತುವವನ ಸಾಮ್ಯವನ್ನು ಕೇಳಿದ ನಮ್ಮ ರೈತನು, ಬೀಜವನ್ನು ದಾರಿಯಲ್ಲಿಯೂ ಬಂಡೆಯ ಮೇಲೆಯೂ ಚೆಲ್ಲುವದು ಯಾತಕ್ಕೆಂದು ಕೇಳಾನು. ಆ ದೇಶದವರು ಕೈಯಿಂದ ಎರಚಿ ಬಿತ್ತುತ್ತಿದ್ದರು. ನಮ್ಮಲ್ಲಿಯಾದರೋ ಹೆಣ್ಣುಮಗಳು ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾ ನಡೆಯುವಳು. ಅದು ಕೊಳವೆಯೊಳಗಿಂದ ಇಳಿದು ತೇವವಿರುವಲ್ಲಿ ಸೇರುವದು. ಕೇಳಿದ ವಾಕ್ಯವೂ ಹೀಗೆಯೇ. ಮೇಲೆಯೇ ಉಳಿದರೆ ಅದು ಹಕ್ಕಿಯ ಪಾಲು. ಒಳಕ್ಕೆ ಇಳಿದರೆ ಮನುಷ್ಯನ ಪಾಲು.

ಮೂರನೆಯದು ಎಡೆ ಹೊಡೆಯುವದು. ಎಡೆಕುಂಟೆಯು ಸಾಲುಗಳ ನಡುವೆ ಹೋಗಿ ಕಳೆಯನ್ನು ಕೊಯ್ಯುವದು, ಎರೆಯ ಬಿರುಕನ್ನು ಮುಚ್ಚಿ ತೇವವನ್ನು ಕಾಯುವದು. ಆದರೆ ಎತ್ತು ಹೊಡೆಯುವವನು ಎಚ್ಚರ ತಪ್ಪಿದರೆ ಕಳೆಯೊಂದಿಗೆ ಪೈರೂ ಹೋಗುವದು. ಸಿಟ್ಟಿನಲ್ಲಿ ಮಕ್ಕಳನ್ನು ತಿದ್ದುವ ತಂದೆತಾಯಿಗಳು ಇದನ್ನು ನೆನಸಿಕೊಳ್ಳಲಿ.

ನಾಲ್ಕನೆಯದು ಬದು. ಅದು ಹೊಲಕ್ಕೆ ಮೇರೆಯಾಗಿ ನೀರನ್ನು ತಡೆದು ಮಣ್ಣನ್ನು ಹಿಡಿಯುವದು. ದನಗಳಿಗೆ ಹುಲ್ಲನ್ನೂ ಕೊಡುವದು. ಆದರೆ ಬದುವಿನ ಒಂದು ಗೇಣು ಮಣ್ಣಿಗಾಗಿ ಒಂದೇ ತಾಯಿಯ ಮಕ್ಕಳು ಮಾತು ಬಿಟ್ಟು, ಒಬ್ಬನ ಮನೆಯ ಸಾವಿಗೂ ಮತ್ತೊಬ್ಬನು ಬಾರದಿರುವದನ್ನು ನಾವು ಕಂಡಿದ್ದೇವಲ್ಲವೋ? ಇವನು ಈಚೆಯಿಂದಲೂ ಅವನು ಆಚೆಯಿಂದಲೂ ಕೆರೆಯುತ್ತಾ ಬಂದರೆ ಬದುವು ತೆಳ್ಳಗಾಗಿ, ದೊಡ್ಡ ಮಳೆಯಲ್ಲಿ ಒಡೆದು, ಇಬ್ಬರ ಮಣ್ಣೂ ಹಳ್ಳಕ್ಕೆ ಹೋಗುವದು. ಹಳ್ಳವು ಇದು ಯಾರ ಮಣ್ಣೆಂದು ವಿಚಾರಿಸುವದಿಲ್ಲ.

ಪ್ರಿಯರೇ, ಸಮಾಧಾನಕ್ಕೂ ಹದವುಂಟು. ಸಿಟ್ಟು ಹಸಿಯಾಗಿರುವಾಗ ಆಡಿದ ಮಾತು ಮೆತ್ತಿಕೊಳ್ಳುವದು. ಬಹಳ ವರುಷ ಬಿಟ್ಟರೆ ಹೃದಯವು ಗಟ್ಟಿಯಾಗಿ ಒಳ್ಳೇ ಮಾತೂ ಒಳಗೆ ಇಳಿಯದು. ಹದವನ್ನು ಬಲ್ಲ ರೈತನು ಹಬ್ಬವಿದ್ದರೂ ನಂಟರು ಬಂದಿದ್ದರೂ ಕೂರಿಗೆ ಹೂಡುತ್ತಾನೆ. ಮಣ್ಣಿಗಾಗಿ ಇಷ್ಟು ಆತುರಪಡುವ ನಾವು ಸಹೋದರನಿಗಾಗಿ ನಾಳೆಯೆಂದು ಹೇಳುವದು ನ್ಯಾಯವೋ? ಮಾತು ಬಿಟ್ಟವರು ಈ ವಾರವೇ ಹೋಗಿ ಅವನ ಬಾಗಿಲಲ್ಲಿ ನಿಂತು, ಅಣ್ಣಾ, ಬದುವನ್ನು ಇಬ್ಬರೂ ಕೂಡಿ ಹಾಕೋಣ ಬಾ, ಎಂದು ಕರೆಯಲಿ. ತೇವವನ್ನು ಕೊಡುವ ದೇವರು ನಮ್ಮ ಹೃದಯಗಳನ್ನೂ ಹದಗೊಳಿಸಲಿ. ಆಮೆನ್.