ಬಿಟ್ಟದ್ದು, ಬಿಡಿಸಿದ್ದು

ಹತ್ತು ದಿನದ ವಿಪಶ್ಯನಾ ಶಿಬಿರ ಮುಗಿಸಿ ನಂದಿಕೂರಿಗೆ ಬಂದ ನಾಲ್ಕನೇ ದಿನ ನಾನು ಅಜ್ಜಿಗೆ ಒಂದು ಉಪದೇಶ ಮಾಡಿದೆ. ಆ ಉಪದೇಶದ ಬಗ್ಗೆ ನನಗಿನ್ನೂ ನಾಚಿಕೆಯಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಈಗ ನಾವಿರುವ ಮನೆ ನಮ್ಮ ಮೊದಲಿನ ಮನೆಯಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಯೋಜನೆಗೆ ನಮ್ಮ ಜಾಗ ಹೋಯಿತು. ನಮ್ಮ ಕಡೆ ಇದು ವಿಶೇಷ ಸುದ್ದಿಯಲ್ಲ. ರೈಲು, ವಿದ್ಯುತ್ ಸ್ಥಾವರ, ಕೈಗಾರಿಕೆ ಎಂದು ಇಪ್ಪತ್ತು-ಮೂವತ್ತು ವರ್ಷಗಳಲ್ಲಿ ಗದ್ದೆ ಬಿಟ್ಟು ಸೈಟಿಗೆ ಬಂದ ಮನೆಗಳು ಎಷ್ಟೋ ಇವೆ. ಪರಿಹಾರ ಬಂತು, ಅದರಲ್ಲಿ ತಾರಸಿ ಮನೆ ಆಯಿತು. ಬನದ ನಾಗನ ಕಲ್ಲುಗಳನ್ನು ಶಾಸ್ತ್ರೋಕ್ತವಾಗಿ ಬೇರೆ ಕಡೆ ಪ್ರತಿಷ್ಠೆ ಮಾಡಿದರು. ಅಜ್ಜಿಯನ್ನು ಮಾತ್ರ ಯಾರಿಗೂ ಹಾಗೆ ಪ್ರತಿಷ್ಠೆ ಮಾಡಲಿಕ್ಕೆ ಆಗಲಿಲ್ಲ. ಅವರು ಈಗಲೂ ಹಳೆಯ ಜಾಗದ ಬಗ್ಗೆ ವರ್ತಮಾನಕಾಲದಲ್ಲೇ ಮಾತಾಡುತ್ತಾರೆ. ಬಾವಿಯ ಪಕ್ಕದ ಕುಕ್ಕುದ ಮರ, ಅಂದರೆ ಮಾವಿನ ಮರ, ಈ ವರ್ಷ ಹೂ ಬಿಟ್ಟಿರಬಹುದು ಎನ್ನುತ್ತಾರೆ. ಬಾವಿಯೂ ಇಲ್ಲ, ಮರವೂ ಇಲ್ಲ.

ಆ ದಿನವೂ ಅದೇ ಮಾತು ಬಂತು. ಶಿಬಿರದ ಬಿಸಿ ನನ್ನಲ್ಲಿ ಇನ್ನೂ ಇತ್ತು. "ಎಲ್ಲ ಅನಿತ್ಯ ಅಜ್ಜಿ, ಅದನ್ನು ಬಿಟ್ಟುಬಿಡಿ. ಹಿಡಿದುಕೊಂಡದ್ದರಿಂದಲೇ ದುಃಖ" ಎಂದೆ. ಅಜ್ಜಿ ಬಸಳೆ ಬಿಡಿಸುತ್ತಿದ್ದರು. ತಲೆ ಎತ್ತದೆ ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಇಷ್ಟು: "ನಾನು ಬಿಟ್ಟದ್ದಲ್ಲವಲ್ಲ ಮಗಾ, ಬಿಡಿಸಿದ್ದು."

ಇನ್ನೊಂದು ವಿಷಯವನ್ನೂ ಹೇಳಿಬಿಡಬೇಕು. ನನ್ನ ಪಿಎಚ್.ಡಿ. ವಿಷಯ ಮುಳುಗಡೆ ಮತ್ತು ಸ್ಥಳಾಂತರದ ಕನ್ನಡ ಕಥನಗಳು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಬಂದು ಮನೆ ಕಳೆದುಕೊಂಡವರ ಬಗ್ಗೆ ನಾ. ಡಿ'ಸೋಜ ಬರೆದ 'ಮುಳುಗಡೆ', 'ದ್ವೀಪ' ಕಾದಂಬರಿಗಳ ಮೇಲೆ ಎರಡು ಅಧ್ಯಾಯ ಬರೆದಿಟ್ಟಿದ್ದೇನೆ. ಪುಸ್ತಕದೊಳಗೆ ನೀರು ಏರುವಾಗ ಕಣ್ಣು ಒದ್ದೆ ಮಾಡಿಕೊಳ್ಳುವ ನಾನು ಪಕ್ಕದಲ್ಲಿ ಬಸಳೆ ಬಿಡಿಸುತ್ತಿದ್ದವರಿಗೆ ಅನಿತ್ಯದ ಪಾಠ ಹೇಳಿದ್ದೆ.

ಶಿಬಿರವನ್ನು ದೂರಲಾರೆ. ಅಲ್ಲಿ ಕಲಿತದ್ದು ಸುಳ್ಳಲ್ಲ. ಬೆಳಗ್ಗೆ ನಾಲ್ಕಕ್ಕೆ ಗಂಟೆ, ದಿನಕ್ಕೆ ಹತ್ತು ಗಂಟೆ ಕೂರುವುದು, ಮಾತಿಲ್ಲ, ಮೊಬೈಲಿಲ್ಲ, ಓದುಬರಹವಿಲ್ಲ. ನಾಲ್ಕೈದು ದಿನ ಕಳೆದ ಮೇಲೆ ಒಂದು ಗಂಟೆ ಕೈಕಾಲು ಅಲ್ಲಾಡಿಸದೆ ಕೂರಬೇಕು. ಮಂಡಿ ಉರಿಯುತ್ತದೆ, ಇನ್ನೇನು ಮುರಿದೇ ಹೋಗುತ್ತದೆ ಎನಿಸುತ್ತದೆ. ಸುಮ್ಮನೆ ನೋಡುತ್ತಾ ಕೂತರೆ ಆ ಉರಿ ತಾನಾಗಿ ಕರಗುತ್ತದೆ. ನೋವೂ ಬಂದು ಹೋಗುವ ವಸ್ತು ಎಂಬುದು ಆಗ ಬುದ್ಧಿಗಲ್ಲ, ಮಂಡಿಗೇ ತಿಳಿಯುತ್ತದೆ. ಅಜ್ಜಿಯ ಮಾತು ಕೇಳಿದ ಮೇಲೆ ಹೊಳೆದದ್ದು ಬೇರೆ: ಆ ನೋವನ್ನು ನಾನೇ ಆರಿಸಿಕೊಂಡಿದ್ದೆ. ಹನ್ನೊಂದನೆಯ ದಿನ ಗೇಟು ತೆರೆಯುತ್ತದೆ ಎಂದು ಗೊತ್ತಿತ್ತು. ಮನೆಯಲ್ಲಿ ನನ್ನ ಕೋಣೆ, ಪುಸ್ತಕ, ಫೆಲೋಶಿಪ್ಪಿನ ಹಣ ಎಲ್ಲವೂ ಇದ್ದಲ್ಲೇ ಇತ್ತು. ಬಿಡುವುದನ್ನು ಅಭ್ಯಾಸ ಮಾಡಿ ಬಂದ ನಾನು ನಿಜಕ್ಕೂ ಬಿಟ್ಟಿದ್ದು ಹತ್ತು ದಿನದ ವಾಟ್ಸಾಪ್.

ಇದಾಗಿ ಕೆಲವು ತಿಂಗಳಿಗೆ ಬೈಲಕುಪ್ಪೆಗೆ ಹೋದೆ. ಪ್ರಬಂಧದ ಕೆಲಸ ಎಂದು ಮಾರ್ಗದರ್ಶಕರಿಗೆ ಹೇಳಿದ್ದೆ, ಅದು ಅರ್ಧ ನಿಜ. ಮಂಗಳೂರಿನಿಂದ ಮೈಸೂರು ಬಸ್ಸು ಹತ್ತಿದರೆ ಪುತ್ತೂರು, ಸುಳ್ಯ, ಸಂಪಾಜೆ ಘಾಟಿ, ಮಡಿಕೇರಿ ದಾಟಿ ಕುಶಾಲನಗರ. ಊರಿನ ಅಂಚಿಗೆ ಕಾವೇರಿ. ಹೊಳೆಯ ಈಚೆ ಕೊಡಗು, ಆಚೆ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲೂಕು. ಸೇತುವೆ ದಾಟಿ ಕೊಪ್ಪದಲ್ಲಿ ತಿರುಗಿದರೆ ಜೋಳದ ಹೊಲಗಳ ನಡುವೆ ಬಣ್ಣದ ಪ್ರಾರ್ಥನಾ ಬಾವುಟಗಳು ಕಾಣಲು ಶುರುವಾಗುತ್ತವೆ. ಕುಶಾಲನಗರದ ಒಂದು ಅಗ್ಗದ ಲಾಡ್ಜಿನಲ್ಲಿ ಉಳಿದು ನಾಲ್ಕು ದಿನ ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದೆ.

ನಾಮ್‌ಡ್ರೋಲಿಂಗ್ ಮಠದ ಚಿನ್ನದ ದೇಗುಲವನ್ನು ನೋಡದವರು ಕಡಿಮೆ. ಹೈಸ್ಕೂಲು ಪ್ರವಾಸದ ಬಸ್ಸುಗಳು ಕೊಡಗಿಗೆ ಹೋದರೆ ಅಲ್ಲಿ ನಿಲ್ಲುತ್ತವೆ. ಒಳಗೆ ಬುದ್ಧ, ಪದ್ಮಸಂಭವ, ಅಮಿತಾಯು ಎಂಬ ಮೂರು ದೊಡ್ಡ ಮೂರ್ತಿಗಳು, ಹೊರಗೆ ಸ್ತೂಪಗಳ ಸಾಲು, ಪ್ರದಕ್ಷಿಣೆಯ ದಾರಿಯಲ್ಲಿ ತಿರುಗಿಸುವ ಪ್ರಾರ್ಥನಾ ಚಕ್ರಗಳು. ಮೊದಲ ದಿನ ನಾನು ಎಣಿಸಿದ್ದು ಮೂರ್ತಿಗಳನ್ನಲ್ಲ, ಒಂದು ವಾಕ್ಯವನ್ನು. "ಎಷ್ಟು ಶಾಂತಿ ಇದೆಯಲ್ಲ ಇಲ್ಲಿ!" ಕನ್ನಡ, ಮಲಯಾಳ, ಹಿಂದಿ, ಎಲ್ಲದರಲ್ಲೂ ಅದೇ ವಾಕ್ಯ. ಸೆಲ್ಫಿ ತೆಗೆದು, ಮೊಮೊ ತಿಂದು, ಒಂದು ಪುಟ್ಟ ಬುದ್ಧನನ್ನು ಕೊಂಡು, ಆ ಶಾಂತಿಯಲ್ಲಿ ತಮ್ಮ ಪಾಲನ್ನು ತೆಗೆದುಕೊಂಡು ಜನ ದುಬಾರೆಗೆ ಆನೆ ನೋಡಲು ಹೊರಡುತ್ತಾರೆ. ನಗುವುದಕ್ಕೆ ನನಗೇನೂ ಹಕ್ಕಿಲ್ಲ. ನಾನೂ ಒಂದು ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದೆ.

ಈ ಶಾಂತಿ ಎಲ್ಲಿಂದ ಬಂತು ಎಂದು ಕೇಳಿದರೆ ಉತ್ತರ ಅಷ್ಟು ಶಾಂತವಾಗಿಲ್ಲ. 1959ರಲ್ಲಿ ಟಿಬೆಟಿನಿಂದ ಓಡಿಬಂದವರಿಗೆ ಆಗಿನ ಮೈಸೂರು ರಾಜ್ಯ ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1961ರಲ್ಲಿ ಮೊದಲ ನೆಲೆ ಶುರುವಾಯಿತು. ಜಾಗ ಎಂದರೆ ಕಾಡು. ಹಿಮದ ನಾಡಿನಿಂದ ಬಂದವರು ದಕ್ಷಿಣದ ಸೆಖೆಯಲ್ಲಿ ಆ ಕಾಡು ಕಡಿದು, ಆನೆಗಳಿಗೆ ಹೆದರಿ, ಜೋಳ ಬೆಳೆಯುವುದನ್ನು ಕಲಿತರು. ಪೆನೋರ್ ರಿಂಪೋಚೆ 1963ರಲ್ಲಿ ಇಲ್ಲಿ ಮಠ ಶುರು ಮಾಡಿದಾಗ ಇದ್ದದ್ದು ಬಿದಿರಿನ ಕಟ್ಟಡ. ಚಿನ್ನದ ದೇಗುಲ ಉದ್ಘಾಟನೆಯಾದದ್ದು 1999ರಲ್ಲಿ. ಅವರ ಮೂಲ ಮಠ ಪಲ್ಯುಲ್ ಪೂರ್ವ ಟಿಬೆಟಿನದು. ಹತ್ತಿರದಲ್ಲೇ ಇರುವ ಸೇರಾ ಮಠವೂ ಹಾಗೆಯೇ. ಲ್ಹಾಸಾದ ಹೊರವಲಯದಲ್ಲಿ 1419ರಲ್ಲಿ ಸ್ಥಾಪನೆಯಾದ ಸೇರಾದ ಹೆಸರನ್ನು, ತಪ್ಪಿಸಿಕೊಂಡು ಬಂದ ಭಿಕ್ಷುಗಳು ಪಿರಿಯಾಪಟ್ಟಣ ತಾಲೂಕಿನ ಜೋಳದ ಹೊಲದಲ್ಲಿ ಮತ್ತೆ ನೆಟ್ಟರು. ಹೆಸರು ಸಹ ಬದಲಿಸಲಿಲ್ಲ.

ಇಲ್ಲೇ ನನಗೆ ಸಿಕ್ಕು ಬಿದ್ದದ್ದು. ಅನಿತ್ಯವನ್ನು ಇವರಷ್ಟು ಕಟ್ಟುನಿಟ್ಟಾಗಿ ಕಲಿಸುವವರು ಯಾರಿದ್ದಾರೆ? ದಿನಗಟ್ಟಲೆ ಕೂತು ಬಣ್ಣದ ಮರಳಿನಲ್ಲಿ ಕಾಳುಕಾಳಾಗಿ ಮಂಡಲ ಬಿಡಿಸುತ್ತಾರೆ. ಪೂಜೆ ಮುಗಿದ ಮೇಲೆ ಅದನ್ನು ಗುಡಿಸಿ ಹರಿಯುವ ನೀರಿಗೆ ಹಾಕುತ್ತಾರೆ. ಮರಳನ್ನು ಹೊಳೆಗೆ ಬಿಡುವ ಅದೇ ಕೈಗಳು ಊರಿನ ಹೆಸರನ್ನು ಅರವತ್ತು ವರ್ಷಗಳಿಂದ ಬಿಟ್ಟಿಲ್ಲ. ಇದು ವಿರೋಧಾಭಾಸವೇ? ಮೊದಲ ದಿನ ಹೌದು ಎನಿಸಿತ್ತು, ನೋಟ್‌ಬುಕ್ಕಿನಲ್ಲಿ ಹಾಗೆಯೇ ಬರೆದುಕೊಂಡೆ.

ಮೂರನೇ ದಿನ ಮಳೆ. ಒಂದು ಚಿಕ್ಕ ಹೋಟೆಲಿನಲ್ಲಿ ಥುಕ್ಪಾ ಕುಡಿಯುತ್ತಾ ಕೂತೆ. ನಡೆಸುವ ಹೆಂಗಸಿಗೆ ಅರವತ್ತರ ಹತ್ತಿರ ಇರಬಹುದು. ಪಿರಿಯಾಪಟ್ಟಣದ ಕನ್ನಡ ಅವರದು, ನನ್ನ ಕರಾವಳಿ ಕನ್ನಡಕ್ಕಿಂತ ಸಲೀಸು. "ನೀವು ಮಂಗ್ಳೂರು ಕಡೆಯೋರಾ? ಮಾತಲ್ಲೇ ಗೊತ್ತಾಗುತ್ತೆ" ಎಂದು ನಕ್ಕರು. ನಂದಿಕೂರು ಎಂದೆ, ಉಡುಪಿಯ ಹತ್ತಿರ. "ನಿಮ್ಮ ಊರು ಯಾವುದಮ್ಮ?" ಎಂದು ವಾಪಸು ಕೇಳಿದೆ.

"ಹುಟ್ಟಿದ್ದು ಇಲ್ಲೇ, ಕ್ಯಾಂಪಲ್ಲಿ. ಊರು ಅಲ್ಲಿ." ಕೈ ಗೋಡೆಯ ಮೇಲಿನ ಪೊಟಾಲಾ ಅರಮನೆಯ ಚಿತ್ರದ ಕಡೆಗೆ ಹೋಯಿತು. ಅಪ್ಪನ ಹಳ್ಳಿಯ ಹೆಸರು ಹೇಳಿದರು, ನನಗೆ ಸರಿಯಾಗಿ ಕೇಳಿಸಲಿಲ್ಲ. ಅವರು ಅದನ್ನು ನೋಡಿಲ್ಲ. ಪ್ರತಿ ಸಲ ನವೀಕರಿಸಬೇಕಾದ ನೋಂದಣಿ ಪತ್ರ, ಅವರ ಬಾಯಲ್ಲಿ 'ಆರ್‌ಸಿ', ಅದರಲ್ಲೇ ಜೀವನ ಕಳೆದಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲಿನವರೆಗೆ ಭಾರತದಲ್ಲಿ ಹುಟ್ಟಿದವರು ನಮ್ಮ ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಪ್ರಜೆಗಳು, ಅವರು ಕೇಳಬಹುದಿತ್ತು. "ಗೊತ್ತು. ಕೆಲವರು ತಗೊಂಡ್ರು. ನಾನು ತಗೊಂಡಿಲ್ಲ" ಎಂದರು. ಯಾಕೆ ಎಂದು ಕೇಳುವ ಧೈರ್ಯ ಆಗಲಿಲ್ಲ. ಅವರೇ ಮುಂದುವರಿಸಿದರು: "ಮಗ ಕೆನಡಾದಲ್ಲಿದಾನೆ. ಅವನು ಫೋನಲ್ಲಿ ಊರು ಊರು ಅಂತ ಅಳ್ತಾನಲ್ಲ, ಅವನಿಗೆ ಊರು ಅಂದ್ರೆ ಇದು. ಬೈಲಕುಪ್ಪೆ."

ಲಾಡ್ಜಿಗೆ ಬಂದು ನೋಟ್‌ಬುಕ್ಕಿನ 'ವಿರೋಧಾಭಾಸ' ಎಂಬ ಪದವನ್ನು ಹೊಡೆದು ಹಾಕಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ತಿಳಿಯಲು ಬಹಳ ದಿನ ಬೇಕಾಯಿತು.

ಅನಾಸಕ್ತಿಯ ಪರವಾಗಿ ದೊಡ್ಡ ವಾದವೇ ಇದೆ, ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ನಾನು ಕೂತ ಶಿಬಿರದ ಪರಂಪರೆಯನ್ನು ಭಾರತಕ್ಕೆ ಮರಳಿ ತಂದ ಎಸ್.ಎನ್. ಗೋಯೆಂಕಾ ಮ್ಯಾಂಡಲೆಯಲ್ಲಿ ಹುಟ್ಟಿದ ಬರ್ಮಾದ ವ್ಯಾಪಾರಿ. 1962ರಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಅಲ್ಲಿನ ಉದ್ದಿಮೆಗಳು ರಾಷ್ಟ್ರೀಕರಣವಾದವು, ಅವರದೂ ಹೋಯಿತು. ಅವರು ಅದನ್ನು ಬಿಡುಗಡೆ ಎಂದು ತೆಗೆದುಕೊಂಡರು, ಧ್ಯಾನಕ್ಕೆ ಸಮಯ ಸಿಕ್ಕಿತೆಂದುಕೊಂಡರು. 1969ರಲ್ಲಿ ಇಲ್ಲಿಗೆ ಬಂದು ಕಲಿಸತೊಡಗಿದರು. ಬಿಡಿಸಿದ್ದನ್ನೇ ಬಿಟ್ಟದ್ದಾಗಿ ಮಾಡಿಕೊಳ್ಳುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಅದನ್ನು ಮಾಡಿದ್ದು ಕಳೆದುಕೊಂಡವರೇ. ಕಿತ್ತುಕೊಂಡ ಸರ್ಕಾರವೇ ಬಂದು 'ಎಲ್ಲ ಅನಿತ್ಯ, ಬಿಟ್ಟುಬಿಡಿ' ಎಂದಿದ್ದರೆ ಅದೇ ಮಾತು ಏನಾಗುತ್ತಿತ್ತು? ಮಾತು ನಿಜವೋ ಸುಳ್ಳೋ ಎಂಬುದರಷ್ಟೇ ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದೂ ಇಲ್ಲಿ ಮುಖ್ಯ. ನಾನು ಜಾಗ ತೆಗೆದುಕೊಂಡವನಲ್ಲ, ನಿಜ. ಆದರೆ ಯೋಜನೆಯ ವಿದ್ಯುತ್ತು, ರಸ್ತೆ, ಅದರ ಪರಿಹಾರದ ಹಣದಲ್ಲಿ ಓದಿದ ಡಿಗ್ರಿ, ಇವೆಲ್ಲ ನನ್ನ ಪಾಲಿಗೆ ಬಂದವು. ಅಜ್ಜಿಯ ಪಾಲಿಗೆ ಬಂದದ್ದು ಸೈಟು. ಲಾಭದ ಕಡೆ ಕೂತವನು ನಷ್ಟದ ಕಡೆ ಕೂತವರಿಗೆ ವೈರಾಗ್ಯ ಬೋಧಿಸುವುದು ಬಡ್ಡಿಯವನು ಸಾಲಗಾರನಿಗೆ ಮಿತವ್ಯಯ ಕಲಿಸಿದ ಹಾಗೆ.

ಹಾಗಾದರೆ ಕಳೆದುಕೊಂಡವರು ಎಲ್ಲವನ್ನೂ ಬಿಗಿಯಾಗಿ ಹಿಡಿದುಕೊಂಡೇ ಇರಬೇಕೆ? ದಲೈ ಲಾಮಾ ಅನೇಕ ಕಡೆ ಹೇಳಿರುವ ಒಂದು ಪ್ರಸಂಗವಿದೆ. ಹದಿನೆಂಟು ವರ್ಷ ಚೀನೀ ಸೆರೆಯಲ್ಲಿದ್ದು ಬಂದ ಹಿರಿಯ ಭಿಕ್ಷುವೊಬ್ಬರು, ಅಲ್ಲಿ ಕೆಲವು ಸಲ ಅಪಾಯದಲ್ಲಿದ್ದೆ ಎಂದರಂತೆ. ಎಂಥ ಅಪಾಯ ಎಂದರೆ, ಚೀನೀಯರ ಮೇಲಿನ ಕರುಣೆ ಕಳೆದುಕೊಳ್ಳುವ ಅಪಾಯ. ಮೊದಲು ಓದಿದಾಗ ನನಗೆ ಇದು ಸಂತರ ಕಥೆ ಮಾತ್ರ. ಈಗ ಬೇರೊಂದು ಕಾಣುತ್ತದೆ: ಆ ಭಿಕ್ಷು ದ್ವೇಷವನ್ನು ಬಿಟ್ಟರು, ಟಿಬೆಟನ್ನು ಬಿಡಲಿಲ್ಲ. ನಾನು ಅಜ್ಜಿಗೆ ಹೇಳುವಾಗ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೆ. ಅಜ್ಜಿ ಯಾರನ್ನೂ ಬೈದದ್ದು ನಾನು ಕೇಳಿಲ್ಲ. ಅವರಿಗಿದ್ದದ್ದು ಮರದ ನೆನಪು, ಯಾರ ಮೇಲಿನ ಸಿಟ್ಟೂ ಅಲ್ಲ. ಇಲ್ಲದ ರೋಗಕ್ಕೆ ನಾನು ಮದ್ದು ಕೊಡಲು ಹೋಗಿದ್ದೆ.

ಸ್ವತಃ ಬುದ್ಧನ ಬಗ್ಗೆ ಪಾಳಿ ಅಟ್ಟಕಥೆಗಳಲ್ಲಿ ಬರುವ ಒಂದು ಕಥೆ ನನ್ನನ್ನು ಬಿಡುವುದಿಲ್ಲ. ಕೋಸಲದ ರಾಜ ವಿಡೂಡಭ ಹಳೆಯ ಅವಮಾನದ ಸೇಡಿಗೆ ಶಾಕ್ಯರನ್ನು ನಾಶ ಮಾಡಲು ಸೈನ್ಯ ಹೊರಡಿಸುತ್ತಾನೆ. ಬುದ್ಧ ಹೋಗಿ ಗಡಿಯ ಬಳಿ, ಕಪಿಲವಸ್ತುವಿನ ಬದಿಗೆ, ಎಲೆ ವಿರಳವಾದ ಒಂದು ಮರದ ಕೆಳಗೆ ಬಿಸಿಲಲ್ಲಿ ಕೂರುತ್ತಾನೆ. ವಿಡೂಡಭನ ಬದಿಗೆ ದಟ್ಟ ನೆರಳಿನ ಆಲದ ಮರವಿದೆ. ಅಲ್ಲಿ ಕೂರಬಾರದೇ ಎಂದು ರಾಜ ಕೇಳಿದರೆ, ಬಂಧುಗಳ ನೆರಳೇ ತಂಪು ಎಂಬ ಅರ್ಥದ ಉತ್ತರ ಬರುತ್ತದೆ. ರಾಜ ಹಿಂದಿರುಗುತ್ತಾನೆ. ಹೀಗೆ ಮೂರು ಸಲ. ನಾಲ್ಕನೆಯ ಸಲ ಬುದ್ಧ ಹೋಗುವುದಿಲ್ಲ. ಶಾಕ್ಯರ ಹಿಂದಿನ ಕರ್ಮದ ಫಲ ಎಂದು ಕಥೆ ಕಾರಣ ಕೊಡುತ್ತದೆ, ಕಗ್ಗೊಲೆ ನಡೆಯುತ್ತದೆ. ಆ ಕಾರಣ ನನಗೆ ಒಪ್ಪಿಗೆಯಾಗುವುದಿಲ್ಲ. ಆದರೆ ಮೊದಲ ಮೂರು ಸಲದ ಮಾತೇನು? ಮನೆ, ಹೆಂಡತಿ, ಮಗು, ರಾಜ್ಯ ಬಿಟ್ಟು ನಡುರಾತ್ರಿ ಹೊರಟವನು, ಎಲ್ಲ ಹಿಡಿತಗಳಿಂದ ಬಿಡುಗಡೆಯಾದವನು, ಊರಿಗೆ ಆಪತ್ತು ಬಂದಾಗ ಊರಿನ ಬದಿಯ ಬಡ ನೆರಳನ್ನೇ ಆರಿಸಿಕೊಂಡ. ಅವನು ಶಾಕ್ಯರಿಗೆ ಅನಿತ್ಯದ ಬಗ್ಗೆ ಪ್ರವಚನ ಕೊಡಲಿಲ್ಲ. ಅವರ ಬದಿಗೆ ಹೋಗಿ ಕೂತ, ಅಷ್ಟೇ.

ಕಳೆದ ತಿಂಗಳು ಅಜ್ಜಿಯನ್ನು ರಿಕ್ಷಾದಲ್ಲಿ ಹಳೆಯ ಜಾಗಕ್ಕೆ ಕರೆದುಕೊಂಡು ಹೋದೆ. ಅಮ್ಮ ಬೇಡ ಎಂದಿದ್ದರು, ಸುಮ್ಮನೆ ಬೇಜಾರು ಯಾಕೆ ಎಂದು. ಅಲ್ಲಿ ಈಗ ಉದ್ದಕ್ಕೆ ಕಾಂಪೌಂಡು ಗೋಡೆ. ಆಚೆ ದೂರದಲ್ಲಿ ಎಲ್ಲೂರಿನ ಸ್ಥಾವರದ ಚಿಮಣಿ. ಅಜ್ಜಿ ಇಳಿದು ಗೋಡೆಯ ಬುಡದಲ್ಲಿ ಹೆಜ್ಜೆ ಎಣಿಸುತ್ತಾ ನಡೆದರು. ಒಂದು ಕಡೆ ನಿಂತು ಗೋಡೆಗೆ ಕೈ ಇಟ್ಟು, ಬಾವಿ ಇದರ ಆಚೆಗೇ ಎಂದರು. ಸೆಕ್ಯುರಿಟಿಯವನು ಬಂದು ಏನು ಎಂದು ಕೇಳಿದ. "ನೋಡ್ಲಿಕ್ಕೆ ಬಂದದ್ದು" ಎಂದರು ಅಜ್ಜಿ, ನೆಂಟರ ಮನೆಗೆ ಬಂದವರ ಹಾಗೆ. ಅವನೂ ಸುಮ್ಮನೆ ನಿಂತ.

ವಾಪಸು ಬರುವಾಗ ಅವರು ಕುಕ್ಕುದ ಮರದ ಸುದ್ದಿ ತೆಗೆದರು. ಈ ಸಲ ಮಿಡಿ ಬೇಗ ಬಂದಿರಬಹುದು, ಚಳಿ ಚೆನ್ನಾಗಿತ್ತಲ್ಲ ಎಂದರು. ಎಷ್ಟು ಭರಣಿ ಉಪ್ಪಿನಕಾಯಿ ಆಗುತ್ತದೆ ಅಜ್ಜಿ ಎಂದು ಕೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು.