ಅನುಮೋದನೆಯ ಹಿಂಸೆ



ಉಪವಾಸವಿದ್ದವನ ನಾಲಗೆಗೆ ಅನ್ನ ತಾಗದಿದ್ದರೆ ವ್ರತ ಪೂರ್ಣವಾಯಿತೇ? ಆ ದಿನ ಕಿವಿಗೆ ಬಿದ್ದ ಸುದ್ದಿಯನ್ನು ಮನಸ್ಸು ಹೇಗೆ ಉಂಡಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕೇ?

2008ರ ಸೆಪ್ಟೆಂಬರ್ 14, ಭಾನುವಾರ. ಅಂದು ಅನಂತ ಚತುರ್ದಶಿ, ದಶಲಕ್ಷಣ ಪರ್ವದ ಕಡೆಯ ದಿನ. ನಮ್ಮ ಮನೆಗಳಲ್ಲಿ ಅನಂತನ ನೋಂಪಿ ನೋಂತವರು ಅಭಿಷೇಕ ಪೂಜೆಗಳಲ್ಲಿ ತೊಡಗಿದ್ದ ಆ ಬೆಳಗ್ಗೆಯೇ ಮಂಗಳೂರಿನ ಮಿಲಾಗ್ರಿಸ್ ಬಳಿಯ ಅಡೊರೇಷನ್ ಮಠಕ್ಕೆ ಗುಂಪೊಂದು ನುಗ್ಗಿತು. ಅದು ಸಂತ ಕ್ಲಾರಾ ಸಭೆಯ ಸಂನ್ಯಾಸಿನಿಯರ ಮಠ. ಲೋಕಸಂಚಾರವನ್ನು ತೊರೆದು ಗೋಡೆಯೊಳಗೆ ಪ್ರಾರ್ಥನೆಯಲ್ಲಿಯೇ ಆಯುಷ್ಯ ಸವೆಸುವವರು ಅವರು. ಶಿಲುಬೆ ಮುರಿಯಿತು, ಪರಮಪ್ರಸಾದವನ್ನಿಡುವ ಪೆಟ್ಟಿಗೆ ಭಗ್ನವಾಯಿತು. ಜಿನಬಿಂಬಕ್ಕೆ ಅವಿನಯವಾದರೆ ನಮ್ಮ ಒಡಲಿನಲ್ಲಿ ಏಳುವ ಸಂಕಟವೇನೆಂದು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ದಿನ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿಯೂ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಹಲವು ಪ್ರಾರ್ಥನಾಲಯಗಳು ದಾಳಿಗೆ ಗುರಿಯಾದವು. ಮುಂದೆ ನ್ಯಾಯಮೂರ್ತಿ ಬಿ.ಕೆ. ಸೋಮಶೇಖರ ಅವರ ಆಯೋಗ ವಿಚಾರಣೆ ನಡೆಸಿ 2011ರಲ್ಲಿ ವರದಿ ಸಲ್ಲಿಸಿತು. ವರದಿಯ ವಾದವಿವಾದ ನ್ಯಾಯವೇತ್ತರಿಗೆ ಇರಲಿ. ದೇವರ ಮುಂದೆ ಕಣ್ಮುಚ್ಚಿ ಕುಳಿತವರು ಬಾಗಿಲ ಸದ್ದಿಗೆ ಬೆಚ್ಚಿ ಕಣ್ತೆರೆಯುವಂತಾದದ್ದನ್ನು, ಪೊಲೀಸ್ ಕಾವಲಿನಲ್ಲಿ ಪೂಜೆ ನಡೆಯಬೇಕಾದ ದೈನ್ಯವನ್ನು ಯಾವ ವರದಿ ಅಳೆದೀತು?

ಆಗ ಕೇಳಿಬಂದ ಮಾತೊಂದುಂಟು: “ಮತಾಂತರ ಮಾಡುತ್ತಾರಲ್ಲ, ಆಗಬೇಕಾದದ್ದೇ ಆಯಿತು.” ಯಾರ ಮನೆಯ ಹೊಸ್ತಿಲನ್ನೂ ತುಳಿಯದ ಆ ಸಂನ್ಯಾಸಿನಿಯರಿಗೆ ಈ ಆಕ್ಷೇಪ ಹೇಗೆ ಅನ್ವಯಿಸೀತೆಂದು ಆಡಿದವರು ಯೋಚಿಸಲಿಲ್ಲ. ಒಬ್ಬ ಪ್ರಚಾರಕನ ನಡತೆ ತಪ್ಪೆಂದೇ ಇಟ್ಟುಕೊಳ್ಳೋಣ. ಅದಕ್ಕೆ ಕಾನೂನುಂಟು, ಕಚೇರಿಯುಂಟು. “ಆಗಬೇಕಾದದ್ದೇ” ಎಂಬ ಮಾತಾದರೋ ನೇರವಾಗಿ ನಮ್ಮ ವ್ರತಕ್ಕೇ ತಾಗುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಹಿಂಸಾಣುವ್ರತವನ್ನು ನಿರೂಪಿಸುವಾಗ, ಸಂಕಲ್ಪಪೂರ್ವಕವಾಗಿ ತಾನು ಕೊಲ್ಲುವುದು, ಪರರಿಂದ ಕೊಲ್ಲಿಸುವುದು, ಕೊಂದುದನ್ನು ಒಪ್ಪುವುದು ಈ ಮೂರನ್ನೂ ಮನ ವಚನ ಕಾಯಗಳಿಂದ ಬಿಡಬೇಕೆಂದರು. ಇದು ಮುನಿಗಳಿಗೆ ಮೀಸಲಾದ ಕಟ್ಟಳೆಯಲ್ಲ, ಗೃಹಸ್ಥನಿಗೇ ಹೇಳಿದ್ದು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮೂರು ಯೋಗಗಳಿಂದಲೂ, ಕೃತ ಕಾರಿತ ಅನುಮತಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸುತ್ತದೆ, ಒಟ್ಟು 108. ಜಪಮಾಲೆಯ ಮಣಿಗಳಿಗೆ ಈ ಲೆಕ್ಕವನ್ನೇ ಹೇಳುವ ರೂಢಿಯುಂಟು. ಅವುಗಳಲ್ಲಿ 36 ಮಣಿಗಳು ಕೇವಲ ಅನುಮೋದನೆಯವು. ಬೆರಳಿನಿಂದ ಸರಿಸುವಾಗ ನಾವು ಅವನ್ನು ಎಣಿಸುತ್ತೇವೆ, ನೆನೆಯುವುದಿಲ್ಲ.

“ಅಲ್ಲಿ ಯಾರೂ ಸಾಯಲಿಲ್ಲವಲ್ಲ” ಎಂದು ಸಮಾಧಾನ ಹೇಳುವವರು ಜನ್ನನ ಯಶೋಧರ ಚರಿತೆಯನ್ನು ನೆನೆಯಬೇಕು. ಯಶೋಧರನು ತಾಯಿಯ ಮಾತಿಗೆ ಕಟ್ಟುಬಿದ್ದು ಕಡಿದದ್ದು ಹಿಟ್ಟಿನ ಕೋಳಿಯನ್ನು. ರಕ್ತ ಹರಿಯಲಿಲ್ಲ, ಆದರೂ ಜನ್ಮಜನ್ಮಾಂತರದ ತಿರ್ಯಗ್ಗತಿ ತಪ್ಪಲಿಲ್ಲ. ಈ ಕಥೆಯನ್ನು ಜೀವದಯಾಷ್ಟಮಿಯಂದು ಭಕ್ತಿಯಿಂದ ಕೇಳುವ ನಾವು, ಮುರಿದದ್ದು ಮರದ ಶಿಲುಬೆ ತಾನೇ ಎಂದು ಹಗುರವಾಗಿ ಹೇಳಲಾರೆವು.

ಇನ್ನು ಕೆಲವರು ನಾವು ಮಧ್ಯಸ್ಥರು, ನಮಗೇಕೆ ಆ ಗೊಡವೆ ಎನ್ನುತ್ತಾರೆ. ಮಾಧ್ಯಸ್ಥ್ಯ ಭಾವನೆ ಇರುವುದು ಉಪದೇಶಕ್ಕೆ ಬಗ್ಗದ ಅವಿನಯಿಗಳ ವಿಷಯದಲ್ಲಿ, ಅವರ ಮೇಲೂ ದ್ವೇಷ ಹುಟ್ಟದಿರಲೆಂದು. ಪೆಟ್ಟು ತಿಂದವನಿಗೆ ಸಲ್ಲಬೇಕಾದದ್ದು ಕಾರುಣ್ಯ. ಇವೆರಡನ್ನು ಅದಲುಬದಲು ಮಾಡಿ ಸಾಧುತನದ ಹೆಸರು ಪಡೆಯುವುದು ಬಹಳ ಸುಲಭ.

2023ರ ಜುಲೈಯಲ್ಲಿ ಚಿಕ್ಕೋಡಿ ತಾಲ್ಲೂಕಿನ ಹಿರೇಕೋಡಿಯ ಆಶ್ರಮದಲ್ಲಿ ಪೂಜ್ಯ ಕಾಮಕುಮಾರ ನಂದಿ ಮುನಿಮಹಾರಾಜರ ಹತ್ಯೆಯಾಯಿತು. ಅದರ ಕಾರಣ ಬೇರೆ. ಮತದ್ವೇಷದ ಘಟನೆಯೊಂದಿಗೆ ಅದನ್ನು ಕೂಡಿಸಿ ಹೇಳುವುದು ಸತ್ಯವಾಗದು. ಆದರೆ ಪಿಂಛಿ ಕಮಂಡಲುಗಳ ಹೊರತು ಕೈಯಲ್ಲಿ ಏನೂ ಇಲ್ಲದ ಸಾಧುವಿನ ಮೇಲೆ ಕೈ ಎತ್ತಿದಾಗ ಸಮಾಜವೊಂದು ಹೇಗೆ ಅನಾಥವಾಗುತ್ತದೆಂಬುದನ್ನು ನಾವು ಅಂದು ಕಂಡೆವು. ವರೂರಿನಲ್ಲಿ ಪೂಜ್ಯ ಗುಣಧರ ನಂದಿ ಮಹಾರಾಜರು ಮುನಿಗಳ ರಕ್ಷಣೆಗಾಗಿ ಉಪವಾಸ ಕುಳಿತರು. ಗೃಹ ಸಚಿವರು ಬಂದು ಭರವಸೆ ಕೊಟ್ಟ ಮೇಲೆ ಅದು ಮುಗಿಯಿತು. ಆ ದಿನಗಳಲ್ಲಿ ನೆರೆಯ ಮತದವನೊಬ್ಬ ಬಾಗಿಲಿಗೆ ಬಂದು “ನಿಮ್ಮ ಗುರುಗಳಿಗೆ ಹೀಗಾಗಬಾರದಿತ್ತು” ಎಂದಿದ್ದರೆ ಅದೆಷ್ಟು ಆಸರೆಯಾಗುತ್ತಿತ್ತು! 2008ರಲ್ಲಿ ಅಂಥ ಮಾತಿಗಾಗಿ ಕಾದಿದ್ದವರು ಬೇರೆಯವರು.

ಆ ದಾಳಿಗಳ ಹೊಣೆಯನ್ನು ಬಹಿರಂಗವಾಗಿ ಹೊತ್ತು ಬಂಧನಕ್ಕೊಳಗಾದ ಬಜರಂಗದಳದ ಅಂದಿನ ರಾಜ್ಯ ಸಂಚಾಲಕ ಮಹೇಂದ್ರ ಕುಮಾರ್ ನಮ್ಮ ಜಿಲ್ಲೆಯ ಕೊಪ್ಪದವರು. ಮುಂದೆ ಅವರು ಆ ಸಂಘಟನೆಯನ್ನು ತೊರೆದು, 2020ರಲ್ಲಿ ತೀರಿಕೊಳ್ಳುವವರೆಗೆ ಕೋಮುದ್ವೇಷದ ವಿರುದ್ಧವೇ ಮಾತನಾಡಿದರು. ಆಲೋಚನೆ, ಪ್ರತಿಕ್ರಮಣ ಎಂಬ ಹೆಸರುಗಳನ್ನು ಅವರು ಬಳಸಿದವರಲ್ಲ. ಕೃತದೋಷದಿಂದ ಒಬ್ಬನು ಹಿಂದೆ ಸರಿದನು. ಅನುಮತದೋಷ ಕಟ್ಟಿಕೊಂಡು ಮನೆಯಲ್ಲಿ ಕುಳಿತವರಿಗೆ ಹಾಗೆ ಸರಿಯುವ ಸಂದರ್ಭವೇ ಒದಗಿಬರುವುದಿಲ್ಲ, ಯಾಕೆಂದರೆ ಅವರನ್ನು ಯಾರೂ ಬಂಧಿಸುವುದಿಲ್ಲ.

ಆ ಸಂದರ್ಭವನ್ನು ನಾವೇ ಮಾಡಿಕೊಳ್ಳಬೇಕಾಗಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ಕಡೆ ನಮ್ಮ ಮನೆಗಳೂ ಕೆಲವೇ, ಕ್ರೈಸ್ತರ ಮನೆಗಳೂ ಕೆಲವೇ. ಅನಂತ ಚತುರ್ದಶಿಯ ಬೆನ್ನಿಗೆ ಬರುವ ಕ್ಷಮಾವಾಣಿಯಂದು ಸರ್ವಜೀವಗಳ ಕ್ಷಮೆ ಬೇಡುವ ನಾವು, ಮೊದಲೇ ಕ್ಷಮಿಸಿರುವ ಬಂಧುಗಳ ಮನೆಗೆ ಮಾತ್ರ ಹೋಗಿ ಬರುತ್ತೇವೆ. ಈ ವರ್ಷ ಪಾರಣೆ ಮುಗಿಸಿ, ಶುಭ್ರವಸ್ತ್ರ ಉಟ್ಟು, ಮಕ್ಕಳ ಕೈಹಿಡಿದು ಅವರಲ್ಲಿ ಒಂದು ಮನೆಗೂ ಹೋಗಿಬರಬಹುದು. ಏಕೆ ಬಂದಿರಿ ಎಂದು ಅವರು ಕೇಳಿದರೆ, 2008ರ ಆ ಚತುರ್ದಶಿಯ ವಿಷಯ ಅಲ್ಲಿಂದ ಆರಂಭವಾಗಲಿ.