ರಾಜ್ಯವಿಪತ್ತಿನಲ್ಲಿ ಗುರುವಿನ ಧರ್ಮ

ನಾಡಿಗೆ ವಿಪತ್ತೊದಗಿದಾಗ ವಿರಕ್ತನಾದ ಗುರುವು ಮಾಡತಕ್ಕದ್ದೇನು? ಅಹಿಂಸೆಯನ್ನು ಪರಮಧರ್ಮವೆಂದು ಬೋಧಿಸುವವನು ಕತ್ತಿ ಹಿಡಿದ ಶಿಷ್ಯನಿಗೆ ಯಾವ ದಾರಿಯನ್ನು ತೋರಬೇಕು?

ನಮ್ಮ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ವೀರಗಲ್ಲು ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ರಟ್ಟವಾಡಿಯವರೊಡನೆ ಹೋರಾಡಿ ಮಡಿದ ಕಿತ್ತಯ್ಯನ ಸ್ಮಾರಕವದು. ಅವನ ಧರ್ಮದಲ್ಲಿ ಸಂದೇಹಕ್ಕೆಡೆಯಿಲ್ಲ. ಗುರುವಿನ ಧರ್ಮವಾದರೋ ಅಷ್ಟು ಸುಲಭವಾಗಿ ತಿಳಿಯತಕ್ಕದ್ದಲ್ಲ. ಅದೇ ಗಂಗವಂಶದ ಕೊನೆಗಾಲದಲ್ಲಿದ್ದ ಅಜಿತಸೇನ ಭಟ್ಟಾರಕರ ಚರಿತೆಯಿಂದ ಇದನ್ನು ವಿಚಾರಿಸಬಹುದು.

ಆ ವೇಳೆಗೆ ಗಂಗರೂ ರಾಷ್ಟ್ರಕೂಟರೂ ಹಗೆತನವನ್ನು ಮರೆತು ನಂಟರಾಗಿದ್ದರು. 973ರಲ್ಲಿ ಚಾಲುಕ್ಯ ತೈಲಪನು ರಾಷ್ಟ್ರಕೂಟ ಕರ್ಕನನ್ನು ಸೋಲಿಸಿದನು. ಗಂಗ ಮಾರಸಿಂಹನು ತನ್ನ ಸೋದರಳಿಯನಾದ ಇಂದ್ರನಿಗೆ ಪಟ್ಟಗಟ್ಟಿ ಆ ಸಾಮ್ರಾಜ್ಯವನ್ನುಳಿಸಲು ಯತ್ನಿಸಿದನಾದರೂ ಫಲಿಸಲಿಲ್ಲ. ಕಡೆಗೆ ರಾಜ್ಯವನ್ನು ತ್ಯಜಿಸಿ ಬಂಕಾಪುರಕ್ಕೆ ಹೋಗಿ, ಅಜಿತಸೇನರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನವ್ರತವನ್ನಾಚರಿಸಿ ಮುಡಿಪಿದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಇದನ್ನು ಹೇಳುತ್ತದೆ.

ಪ್ರಜೆಗಳು ಸಂಕಟದಲ್ಲಿರುವಾಗ ಅರಸನು ವ್ರತ ಹಿಡಿಯುವುದು ಪಲಾಯನವಲ್ಲವೆ, ಗುರುವು ಅದಕ್ಕೆ ಸಮ್ಮತಿಸಬಹುದೆ ಎಂದು ಕೆಲವರು ಕೇಳಿಯಾರು. ಅದೇ ಶತಮಾನದ ಜರ್ಮನಿಯಲ್ಲಿ, 955ರಲ್ಲಿ ಮಗ್ಯಾರರು ಔಗ್ಸ್‌ಬುರ್ಗ್ ಪಟ್ಟಣವನ್ನು ಮುತ್ತಿದಾಗ, ಅಲ್ಲಿಯ ಬಿಷಪ್ ಉಲ್ರಿಚ್ ಕೋಟೆಯ ರಕ್ಷಣೆಗೆ ತಾನೇ ಮುಂದಾಳಾಗಿ ನಿಂತನು. ಅಂತಹ ಗುರುವೇ ನಾಡಿಗೆ ಬೇಕಾದವನೆಂದು ಅವರು ವಾದಿಸಬಹುದು.

ಈ ಆಕ್ಷೇಪವು ಉಪೇಕ್ಷಿಸತಕ್ಕದ್ದಲ್ಲ. ಆದರೆ ಅಜಿತಸೇನರ ಮತ್ತೊಬ್ಬ ಶಿಷ್ಯನನ್ನು ಸಹ ನಾವು ನೋಡಬೇಕು. ಚಾವುಂಡರಾಯನು ಗುರುವಿನ ಭಕ್ತನಾಗಿದ್ದೂ ಕತ್ತಿಯನ್ನು ಕೆಳಗಿಡಲಿಲ್ಲ. ಮಾರಸಿಂಹನ ಬಳಿಕ ರಾಚಮಲ್ಲನ ಮಂತ್ರಿಯೂ ಸೇನಾನಿಯೂ ಆಗಿ ರಾಜ್ಯವನ್ನು ಕಾಯ್ದನು. ಆ ಹೊಣೆಯ ನಡುವೆಯೇ 978ರಲ್ಲಿ ಪುರಾಣವನ್ನು ಬರೆದನು, ಗೊಮ್ಮಟನನ್ನು ಕಡೆಯಿಸಿದನು. ಜೈನಶಾಸ್ತ್ರವು ಸಂಕಲ್ಪಪೂರ್ವಕವಾದ ಹಿಂಸೆಯನ್ನು ಶ್ರಾವಕನಿಗೆ ನಿಷೇಧಿಸುತ್ತದೆ. ಆಕ್ರಮಣವನ್ನು ತಡೆಯುವಾಗ ಒದಗುವ ವಿರೋಧಿಹಿಂಸೆಯನ್ನು ಅದು ಬೇರೆಯಾಗಿಯೇ ಎಣಿಸುತ್ತದೆ. ಮುನಿಗಾದರೋ ಆ ವಿನಾಯಿತಿಯೂ ಇಲ್ಲ. ಆದುದರಿಂದ ಪದವಿಯಲ್ಲಿರುವವನಿಗೆ ಕರ್ತವ್ಯ, ಪದವಿಯನ್ನಿಳಿದವನಿಗೆ ವ್ರತ, ಅಧಿಕಾರಭೇದದಿಂದ ಧರ್ಮಭೇದ. ಉಲ್ರಿಚನಂತೆ ಕೋಟೆಯ ಮೇಲೆ ನಿಲ್ಲುವುದು ಅಜಿತಸೇನರಿಗೆ ಸಲ್ಲದು. ಸೋತ ಅರಸನು ದ್ವೇಷದಿಂದ ಬೆಂದು ಸಾಯದಂತೆ ಕಾಯುವುದು ಸಲ್ಲುವುದು.

ಸುಮಾರು 1004ರಲ್ಲಿ ಗಂಗರಾಜ್ಯವು ಚೋಳರ ಪಾಲಾಯಿತು. ಗುರುವಿನ ತಪಸ್ಸಾಗಲಿ ಸೇನಾನಿಯ ಶೌರ್ಯವಾಗಲಿ ಅದನ್ನು ಉಳಿಸಲಿಲ್ಲ. ಆದರೂ ಗುರುವಿನ ಧರ್ಮವನ್ನು ಜಯಾಪಜಯಗಳಿಂದ ಅಳೆಯುವುದು ಯುಕ್ತವಲ್ಲ. ಗೆದ್ದವನಿಗೆ ಆಶೀರ್ವದಿಸುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಎಲ್ಲವನ್ನೂ ಕಳೆದುಕೊಂಡವನ ಪಕ್ಕದಲ್ಲಿ ಕುಳಿತುಕೊಳ್ಳುವವರು ವಿರಳ.